ಬರೆದಿಟ್ಟ ವಿಧಾನ ಬಿಡದೆ ಕೆಲಸ ಮಾಡುವವರಿಗೆ ಒಗ್ಗುವ ಕಾರ್ಖಾನೆ ಉದ್ಯೋಗಗಳು: ಪದೇ ಪದೇ ಕೇಳುವ ಪ್ರಶ್ನೆಗಳು

ಹುಬ್ಬಳ್ಳಿಯಲ್ಲಿ ಕೈಗಾರಿಕಾ ವಾಲ್ವ್‌ಗಳನ್ನು ತಯಾರಿಸುವ ಕಾರ್ಖಾನೆಯೊಂದರ ಪರೀಕ್ಷಾ ವಿಭಾಗದಲ್ಲಿ ನಾನು ಹಲವು ವರ್ಷ ಕಳೆದಿದ್ದೇನೆ. ಐಟಿಐ ಮುಗಿಸಿದ ಹುಡುಗ ಹುಡುಗಿಯರು, ಅವರಿಗಿಂತ ಹೆಚ್ಚಾಗಿ ಅವರ ತಂದೆ ತಾಯಂದಿರು, ನನ್ನ ಮುಂದಿಡುವ ಪ್ರಶ್ನೆಗಳು ಬಹುಮಟ್ಟಿಗೆ ಒಂದೇ ಬಗೆಯವು: "ನಮ್ಮ ಹುಡುಗ ಹೇಳಿದ್ದನ್ನು ಅಚ್ಚುಕಟ್ಟಾಗಿ ಮಾಡುತ್ತಾನೆ, ಆದರೆ ತಾನಾಗಿ ಹೊಸದನ್ನು ಹೂಡುವವನಲ್ಲ, ಇವನಿಗೆ ಎಲ್ಲಿ ಕೆಲಸ ಒಗ್ಗೀತು?" ಆ ಪ್ರಶ್ನೆಗಳನ್ನೂ ನಾನು ಕೊಡುತ್ತ ಬಂದ ಉತ್ತರಗಳನ್ನೂ ಇಲ್ಲಿ ಒಟ್ಟಿಗೆ ಬರೆದಿದ್ದೇನೆ.

ಹೇಳಿದ್ದನ್ನು ಹೇಳಿದ ಹಾಗೆಯೇ ಮಾಡುವ ಸ್ವಭಾವ ಕಾರ್ಖಾನೆಯಲ್ಲಿ ಗುಣವೋ, ಕೊರತೆಯೋ?

ಅದು ಕೆಲಸ ಯಾವುದು ಎಂಬುದನ್ನು ಅವಲಂಬಿಸಿದೆ. ಕೆಲಸಗಳನ್ನು ನಾನು ಹದದ ಕೆಲಸ, ಅಳತೆಯ ಕೆಲಸ ಎಂದು ಎರಡಾಗಿ ನೋಡುತ್ತೇನೆ. ಬ್ಯಾಡಗಿ ಮಾರುಕಟ್ಟೆಯಲ್ಲಿ ನುರಿತ ವ್ಯಾಪಾರಿ ಮೆಣಸಿನಕಾಯಿಯನ್ನು ಮುಷ್ಟಿಯಲ್ಲಿ ಹಿಡಿದು, ಅದರ ಸುಕ್ಕು, ಬಣ್ಣ, ತೇವಗಳನ್ನು ನೋಡಿ ಮನಸ್ಸಿನಲ್ಲಿಯೇ ಬೆಲೆ ಕಟ್ಟಿಬಿಡುತ್ತಾನೆ, ಅದು ಹದ. ಅದೇ ಕಾಯಿ ಮಸಾಲೆ ಸಂಸ್ಕರಣೆಯ ಘಟಕದ ಪ್ರಯೋಗಾಲಯಕ್ಕೆ ಬಂದಾಗ, ಇಷ್ಟು ಪುಡಿ, ಇಷ್ಟು ದ್ರಾವಕ, ಇಷ್ಟು ಹೊತ್ತು ಎಂದು ಬರೆದಿಟ್ಟ ಕ್ರಮದಂತೆ ಅದರ ಬಣ್ಣವನ್ನು ಆಸ್ಟಾ ಮೌಲ್ಯವೆಂಬ ಅಂಕಿಗೆ ಇಳಿಸಲಾಗುತ್ತದೆ, ಅದು ಅಳತೆ. ವ್ಯಾಪಾರಿಯ ಕೈಗೆ ಸ್ವಂತ ಅಂದಾಜು ಇರಲೇಬೇಕು, ಆದರೆ ಪ್ರಯೋಗಾಲಯದ ಸಹಾಯಕನ ಕೈಗೆ ಸ್ವಂತ ಅಂದಾಜು ಬಂದರೆ ಇವತ್ತಿನ ಅಂಕಿಗೂ ನಾಳಿನ ಅಂಕಿಗೂ ತಾಳೆಯಾಗುವುದಿಲ್ಲ.

ವೃತ್ತಿ ಮಾರ್ಗದರ್ಶನ ಮಾಡುವವರು ಬಳಸುವ ವರ್ಗೀಕರಣದಲ್ಲಿಯೂ ಈ ಸ್ವಭಾವಕ್ಕೆ ಪ್ರತ್ಯೇಕ ಜಾಗವಿದೆ. ಅಮೆರಿಕದ ಮನಶ್ಶಾಸ್ತ್ರಜ್ಞ ಜಾನ್ ಹಾಲೆಂಡ್ ವೃತ್ತಿ ಆಸಕ್ತಿಗಳನ್ನು ಆರು ಬಗೆಯಾಗಿ ವಿಂಗಡಿಸಿದರು. ಅವುಗಳಲ್ಲಿ ಒಂದು ಕ್ರಮ, ದಾಖಲೆ, ಸ್ಪಷ್ಟ ಸೂಚನೆಗಳನ್ನು ಇಷ್ಟಪಡುವವರದು. ಅದನ್ನು ಅವರು ಉಳಿದ ಐದಕ್ಕಿಂತ ಕೀಳೆಂದು ಎಲ್ಲಿಯೂ ಇಟ್ಟಿಲ್ಲ. ಕೀಳೆಂದು ನೋಡುವವರು ನಮ್ಮ ನೆಂಟರಿಷ್ಟರೇ.

ಹಾಗಾದರೆ ಯಾವ ಯಾವ ಕೆಲಸಗಳು ಇಂಥವರಿಗೆ ಹೊಂದುತ್ತವೆ?

ಮೊದಲು ಹೇಳಬೇಕಾದದ್ದು ಸಿಎನ್‌ಸಿ ಯಂತ್ರದ, ಅಂದರೆ ಕಂಪ್ಯೂಟರ್ ಪ್ರೋಗ್ರಾಂನಂತೆ ಲೋಹ ಕತ್ತರಿಸುವ ಯಂತ್ರದ, ಆಪರೇಟರ್ ಕೆಲಸ. ಪ್ರೋಗ್ರಾಂ ಬರೆಯುವವರು ಬೇರೆ ಇರುತ್ತಾರೆ. ಆಪರೇಟರ್ ಬಿಡಿಭಾಗವನ್ನು ಸರಿಯಾಗಿ ಕೂರಿಸಿ, ಆವರ್ತ ಮುಗಿದ ಮೇಲೆ ತೆಗೆದು, ನಿಗದಿತ ಸಂಖ್ಯೆಯ ಪೀಸ್‌ಗಳಿಗೊಮ್ಮೆ ಅಳೆದು, ಅಂಕಿ ಮಿತಿಯ ಅಂಚಿಗೆ ಸರಿಯುತ್ತಿದ್ದರೆ ತನಗೆ ಕೊಟ್ಟ ಅಧಿಕಾರದಷ್ಟೇ ಆಫ್‌ಸೆಟ್, ಅಂದರೆ ಉಳಿಯ ಸ್ಥಾನದ ಅಂಕಿ, ತಿದ್ದಬೇಕು. ಇನ್ಸರ್ಟ್ (ಉಳಿಯ ತುದಿಗೆ ಕೂರಿಸುವ ಕತ್ತರಿಸುವ ತುಣುಕು) ಇಷ್ಟು ಪೀಸ್‌ಗಳಿಗೆ ಬದಲಾಗಬೇಕು ಎಂದು ಬರೆದಿದ್ದರೆ, ನೋಡಲು ಇನ್ನೂ ಚೂಪಾಗಿದೆ ಎಂಬ ಕಾರಣಕ್ಕೆ ಮುಂದುವರಿಸುವಂತಿಲ್ಲ.

ಗುಣಮಟ್ಟ ತಪಾಸಣೆಯ ಕೆಲಸ ಇದಕ್ಕಿಂತಲೂ ಹತ್ತಿರವಾದದ್ದು. ವರ್ನಿಯರ್ ಕ್ಯಾಲಿಪರ್ 0.02 ಮಿ.ಮೀ. ತನಕ, ಮೈಕ್ರೋಮೀಟರ್ 0.01 ಮಿ.ಮೀ. ತನಕ ತೋರಿಸುತ್ತದೆ. ಯಾವ ಅಳತೆಗೆ ಯಾವ ಉಪಕರಣ ಎಂಬುದು ಕಂಟ್ರೋಲ್ ಪ್ಲಾನ್ ಎಂಬ ತಪಾಸಣೆಯ ಪಟ್ಟಿಯಲ್ಲಿ ಬರೆದಿರುತ್ತದೆ, ಅಲ್ಲಿ ವಾದಕ್ಕೆ ಜಾಗವಿಲ್ಲ. ಗೋ ಮತ್ತು ನೋ-ಗೋ ಗೇಜ್‌ಗಳಲ್ಲಂತೂ ಅಂಕಿಯೂ ಇಲ್ಲ. ಒಂದು ಬದಿ ಹೋಗಬೇಕು, ಇನ್ನೊಂದು ಹೋಗಬಾರದು, ಅಷ್ಟೇ.

ವಾಹನ ಜೋಡಣೆಯ ಲೈನ್‌ನಲ್ಲಿ ಬೋಲ್ಟ್‌ಗಳನ್ನು ನಿಗದಿತ ಟಾರ್ಕ್‌ಗೆ (ತಿರುಗಿಸುವ ಬಲಕ್ಕೆ), ನಿಗದಿತ ಸರದಿಯಲ್ಲಿ ಬಿಗಿದು, ಬಿಗಿದದ್ದಕ್ಕೆ ಗುರುತಾಗಿ ಬಣ್ಣದ ಗೆರೆ ಎಳೆಯುವ ಕೆಲಸವಿದೆ. ಹಾಲಿನ ಡೇರಿಯಲ್ಲಿ ಪಾಶ್ಚರೀಕರಣದ ಆಪರೇಟರ್ ಇರುತ್ತಾನೆ. ಹಾಲು 72 ಡಿಗ್ರಿ ಸೆಲ್ಸಿಯಸ್‌ನಲ್ಲಿ 15 ಸೆಕೆಂಡ್ ನಿಂತು ಹಾಯಬೇಕು, ಶಾಖ ಇಳಿದರೆ ಫ್ಲೋ ಡೈವರ್ಶನ್ ವಾಲ್ವ್ ಆ ಹಾಲನ್ನು ಮುಂದೆ ಬಿಡದೆ ಹಿಂದಕ್ಕೆ ತಿರುಗಿಸಬೇಕು. ಅದು ತಿರುಗಿಸುತ್ತಿದೆಯೋ ಇಲ್ಲವೋ ಎಂದು ನೋಡಿ ದಾಖಲಿಸುವುದು ಆಪರೇಟರ್‌ನ ಕೆಲಸ. ತಿಂಡಿ ತಿನಿಸಿನ ಪ್ಯಾಕಿಂಗ್ ಲೈನ್‌ಗಳಲ್ಲಿ ಮೆಟಲ್ ಡಿಟೆಕ್ಟರ್ ಮೂಲಕ ಕಬ್ಬಿಣ, ಕಬ್ಬಿಣೇತರ ಲೋಹ ಮತ್ತು ಸ್ಟೇನ್‌ಲೆಸ್ ಸ್ಟೀಲ್ ತುಣುಕುಗಳಿರುವ ಪರೀಕ್ಷಾ ಪಟ್ಟಿಗಳನ್ನು ಹೊತ್ತು ಹೊತ್ತಿಗೆ ಹಾಯಿಸಿ, ಯಂತ್ರ ಪ್ರತಿ ಸಲವೂ ಅವನ್ನು ಹಿಡಿದು ಹೊರಹಾಕಿತೆಂದು ಬರೆಯಬೇಕು. ಉಪಕರಣಗಳು ಸರಿಯಾಗಿ ಅಳೆಯುತ್ತಿವೆಯೇ ಎಂದು ತಾಳೆ ನೋಡುವ ಕ್ಯಾಲಿಬ್ರೇಶನ್, ಸ್ಟೋರ್ಸ್, ಬಾಯ್ಲರ್‌ನ ನೀರಿನ ಪರೀಕ್ಷೆ, ಔಷಧ ತಯಾರಿಕೆಯ ಬ್ಯಾಚ್ ದಾಖಲೆ ಇವೆಲ್ಲ ಇದೇ ಕುಲದವು.

ಇವು ನಮ್ಮ ಭಾಗದಲ್ಲಿ ಎಲ್ಲಿ ಸಿಗುತ್ತವೆ?

ಧಾರವಾಡದ ಬೇಲೂರು ಕೈಗಾರಿಕಾ ಪ್ರದೇಶದ ಸುತ್ತಮುತ್ತ ದೊಡ್ಡ ಜೋಡಣೆಯ ಕಾರ್ಖಾನೆಗಳಿವೆ; ಟಾಟಾ ಮೋಟಾರ್ಸ್‌ನ ವಾಣಿಜ್ಯ ವಾಹನ ಹಾಗೂ ಬಸ್ ಬಾಡಿ ಘಟಕಗಳು, ಟಾಟಾ ಹಿಟಾಚಿಯ ಅಗೆಯುವ ಯಂತ್ರಗಳ ಘಟಕ ಎಲ್ಲರಿಗೂ ಗೊತ್ತಿರುವವು. ಇವುಗಳಿಗೆ ಬಿಡಿಭಾಗ ಒದಗಿಸುವ ಸಣ್ಣ ಮತ್ತು ಮಧ್ಯಮ ಘಟಕಗಳಲ್ಲಿಯೂ ಸಿಎನ್‌ಸಿ, ಪ್ರೆಸ್, ವೆಲ್ಡಿಂಗ್ ಕೆಲಸಗಳಿವೆ. ದೊಡ್ಡ ಹೆಸರಿನ ಬೋರ್ಡ್ ಮಾತ್ರ ನೋಡುತ್ತ ಕೂರುವವರು ಅವನ್ನು ಕಡೆಗಣಿಸುತ್ತಾರೆ. ಹುಬ್ಬಳ್ಳಿಯ ಗೋಕುಲ ರಸ್ತೆ ಮತ್ತು ತಾರಿಹಾಳದ ಕಡೆ ಯಂತ್ರೋಪಕರಣದ ಘಟಕಗಳಿವೆ, ವಾಲ್ವ್ ತಯಾರಿಕೆಗೆ ಈ ಊರು ಮೊದಲಿನಿಂದಲೂ ಹೆಸರಾದದ್ದು. ಧಾರವಾಡದ ಹಾಲು ಒಕ್ಕೂಟದ ಡೇರಿ ಇದೆ.

ನೈಋತ್ಯ ರೈಲ್ವೆಯ ಹುಬ್ಬಳ್ಳಿ ವರ್ಕ್‌ಶಾಪ್‌ನಲ್ಲಿ ಬೋಗಿಗಳ ನಿಯತಕಾಲಿಕ ದುರಸ್ತಿ ನಡೆಯುತ್ತದೆ. ವಿಧಾನವನ್ನು ಅಕ್ಷರಶಃ ಪಾಲಿಸುವ ಮನಸ್ಸಿಗೆ ಅದಕ್ಕಿಂತ ಒಪ್ಪುವ ಜಾಗ ಈ ಊರಿನಲ್ಲಿ ಕಡಿಮೆ, ಏಕೆಂದರೆ ಯಾವ ಭಾಗವನ್ನು ಎಷ್ಟು ಸವೆದ ಮೇಲೆ ಬದಲಿಸಬೇಕು ಎಂಬುದರಿಂದ ಹಿಡಿದು ಎಲ್ಲವೂ ಬರವಣಿಗೆಯಲ್ಲಿದೆ. ಆದರೆ ಅಲ್ಲಿಗೆ ಬಾಗಿಲು ರೈಲ್ವೆ ನೇಮಕಾತಿಯ ಪರೀಕ್ಷೆಗಳ ಮೂಲಕವೇ. ಯಾರಾದರೂ ದುಡ್ಡು ಕೊಟ್ಟರೆ ಸೇರಿಸುತ್ತೇನೆ ಎಂದರೆ ಆ ಮಾತನ್ನು ಅಲ್ಲಿಯೇ ಬಿಟ್ಟು ಎದ್ದು ಬನ್ನಿ.

ಹಾವೇರಿ ಜಿಲ್ಲೆಯಲ್ಲಿ ಬ್ಯಾಡಗಿಯ ಶೀತಲಗೃಹಗಳು ಮತ್ತು ಮಸಾಲೆ ಘಟಕಗಳು, ಕುಮಾರಪಟ್ಟಣದ ಗ್ರಾಸಿಂ ನಾರಿನ ಕಾರ್ಖಾನೆ, ರಾಣೆಬೆನ್ನೂರಿನ ಬೀಜ ಸಂಸ್ಕರಣಾ ಘಟಕಗಳಿವೆ. ಬೀಜದ ಕೆಲಸವನ್ನು ಜನ ಹಗುರವಾಗಿ ಕಾಣುತ್ತಾರೆ, ಅದು ತಪ್ಪು. ಮೊಳಕೆ ಪರೀಕ್ಷೆಗೆ ಸಾಮಾನ್ಯವಾಗಿ 400 ಬೀಜಗಳನ್ನು ನೂರು ನೂರರಂತೆ ನಾಲ್ಕು ಭಾಗ ಮಾಡಿ, ನಿಗದಿತ ಶಾಖದಲ್ಲಿ ಇಟ್ಟು, ನಿಗದಿತ ದಿನವೇ ಎಣಿಸಬೇಕು. ಒಂದು ತಳಿ ಮುಗಿಸಿ ಇನ್ನೊಂದನ್ನು ಯಂತ್ರಕ್ಕೆ ಹಾಕುವ ಮೊದಲು ಜರಡಿಯ ಸಂದು ಸಂದನ್ನೂ ತೆಗೆದು ಶುಚಿ ಮಾಡಬೇಕು. ಅಲ್ಲಿ ಉಳಿದ ಹಿಡಿ ಬೀಜದ ತಪ್ಪು ಆರು ತಿಂಗಳ ನಂತರ ಯಾರದೋ ಹೊಲದಲ್ಲಿ ಎದ್ದು ನಿಲ್ಲುತ್ತದೆ. ಗದಗ-ಬೆಟಗೇರಿಯಲ್ಲಿ ಮುದ್ರಣಾಲಯಗಳಿವೆ, ಒಪ್ಪಿಗೆಯಾದ ಪ್ರೂಫಿನ ಬಣ್ಣಕ್ಕೆ ಸಾವಿರಾರು ಹಾಳೆಗಳನ್ನು ಸರಿಹೊಂದಿಸಿ ಓಡಿಸುವುದೂ ಇಂಥದೇ ಕೆಲಸ.

ದೊಡ್ಡ ಯಂತ್ರಗಳಿಲ್ಲದ ಕಡೆಯೂ ಇಷ್ಟು ಕಟ್ಟುನಿಟ್ಟಿನ ಕೆಲಸ ಇರುತ್ತದೆಯೇ?

ಇರುತ್ತದೆ, ಅದಕ್ಕೆ ಹುಬ್ಬಳ್ಳಿಯ ಬೆಂಗೇರಿಗಿಂತ ಒಳ್ಳೆಯ ಉದಾಹರಣೆ ಬೇಕಿಲ್ಲ. 1957ರಲ್ಲಿ ಆರಂಭವಾದ ಕರ್ನಾಟಕ ಖಾದಿ ಗ್ರಾಮೋದ್ಯೋಗ ಸಂಯುಕ್ತ ಸಂಘ ಅಲ್ಲಿ ರಾಷ್ಟ್ರಧ್ವಜ ತಯಾರಿಸುತ್ತದೆ, ಹೊಲಿಯುವವರಲ್ಲಿ ಹೆಚ್ಚಿನವರು ಹೆಣ್ಣುಮಕ್ಕಳು. ಭಾರತೀಯ ಮಾನಕಗಳ ಸರಣಿಯಲ್ಲಿ ಧ್ವಜಕ್ಕೆ ಸಿಕ್ಕಿರುವ ಸಂಖ್ಯೆಯೇ ಐಎಸ್ 1. ಧ್ವಜದ ಅಳತೆಗಳು ಒಂಬತ್ತು. ದೊಡ್ಡದು 6300 ಮಿ.ಮೀ. ಉದ್ದ 4200 ಮಿ.ಮೀ. ಅಗಲ, ಚಿಕ್ಕದು 150 ಮಿ.ಮೀ. ಉದ್ದ 100 ಮಿ.ಮೀ. ಅಗಲ. ಯಾವ ಅಳತೆಯಾದರೂ ಉದ್ದಕ್ಕೂ ಅಗಲಕ್ಕೂ 3:2ರ ಲೆಕ್ಕ ತಪ್ಪುವಂತಿಲ್ಲ. ಬಟ್ಟೆಯ ಎಳೆಗಳ ಎಣಿಕೆ, ಬಣ್ಣದ ಛಾಯೆ, ಹೊಲಿಗೆ, ಎರಡೂ ಮಗ್ಗುಲಲ್ಲಿ ಒಂದಕ್ಕೊಂದು ಸರಿಯಾಗಿ ಕೂರಬೇಕಾದ 24 ಅರಗಳ ಚಕ್ರ, ಇವುಗಳಲ್ಲಿ ಒಂದು ತಪ್ಪಿದರೂ ಬಾವುಟ ತಿರಸ್ಕೃತವಾಗುತ್ತದೆ. 2021ರ ಡಿಸೆಂಬರ್‌ನಲ್ಲಿ ಧ್ವಜ ಸಂಹಿತೆಗೆ ತಿದ್ದುಪಡಿಯಾಗಿ ಯಂತ್ರದಿಂದ ಮಾಡಿದ ಹಾಗೂ ಪಾಲಿಯೆಸ್ಟರ್ ಧ್ವಜಗಳಿಗೂ ಅವಕಾಶ ಸಿಕ್ಕ ಮೇಲೆ ಖಾದಿ ಧ್ವಜದವರಿಗೆ ಪೈಪೋಟಿ ಹೆಚ್ಚಾಯಿತು. ಕೆಲಸದ ಶಿಸ್ತು ಮಾತ್ರ ಕಲಿಯಬೇಕೆನ್ನುವವರಿಗೆ ಈಗಲೂ ಅಲ್ಲಿಯೇ ಇದೆ.

ಕೆಲಸದ ಬರೆದಿಟ್ಟ ವಿಧಾನಕ್ಕೆ ಕಾರ್ಖಾನೆಯವರು ಎಸ್‌ಒಪಿ ಎನ್ನುತ್ತಾರಲ್ಲ, ಅದು ನಿಜವಾಗಿ ಹೇಗಿರುತ್ತದೆ?

ಗೋಡೆಗೆ ಅಥವಾ ಬೆಂಚಿಗೆ ತೂಗುಹಾಕಿದ, ಪ್ಲಾಸ್ಟಿಕ್ ಹೊದಿಸಿದ ಒಂದೆರಡು ಹಾಳೆ. ಮೇಲ್ತುದಿಯಲ್ಲಿ ದಾಖಲೆಯ ಸಂಖ್ಯೆ, ಪರಿಷ್ಕರಣೆಯ ಸಂಖ್ಯೆ, ದಿನಾಂಕ, ಸಹಿ. ಕೆಳಗೆ ಹಂತಗಳು, ಕೆಲವೆಡೆ ಫೋಟೋ. ನಾನು ನಿಂತು ಕೆಲಸ ಮಾಡಿದ, ನೀರಿನ ಒತ್ತಡದಿಂದ ವಾಲ್ವ್ ಪರೀಕ್ಷಿಸುವ ಹೈಡ್ರೋ ಟೆಸ್ಟ್ ಬೆಂಚಿನದನ್ನೇ ಹೇಳುತ್ತೇನೆ, ಏಕೆಂದರೆ ಒಂದನ್ನು ಹತ್ತಿರದಿಂದ ನೋಡಿದರೆ ಉಳಿದವು ತಿಳಿಯುತ್ತವೆ.

ಗೇಟ್ ವಾಲ್ವ್ ಬೆಂಚಿಗೆ ಬಂದ ಕೂಡಲೇ ಅದರ ಮೈಮೇಲೆ ಎರಕದಲ್ಲಿಯೇ ಮೂಡಿರುವ ಹೀಟ್ ನಂಬರನ್ನು (ಯಾವ ಕರಗುವಿಕೆಯ ಲೋಹ ಎಂದು ಹೇಳುವ ಸಂಖ್ಯೆ) ಅದರ ಜೊತೆಗೆ ಸಾಗುವ ರೂಟ್ ಕಾರ್ಡ್ ಎಂಬ ಚೀಟಿಯೊಂದಿಗೆ ತಾಳೆ ನೋಡಬೇಕು. ಒತ್ತಡದ ಗೇಜಿಗೆ ಅಂಟಿಸಿದ ಕ್ಯಾಲಿಬ್ರೇಶನ್ ಚೀಟಿಯ ಅವಧಿ ಮುಗಿದಿಲ್ಲವೆಂದು ಖಚಿತಪಡಿಸಿಕೊಳ್ಳಬೇಕು. ಎರಡೂ ತುದಿಗಳನ್ನು ಮುಚ್ಚಿ, ವಾಲ್ವನ್ನು ಅರ್ಧ ತೆರೆದಿಟ್ಟು, ನೀರು ತುಂಬಿ, ಒಳಗಿನ ಗಾಳಿ ಪೂರ್ತಿ ಹೊರಹೋಗುವ ತನಕ ಕಾಯಬೇಕು. ಇಲ್ಲಿ ಅವಸರ ಮಾಡುವಂತಿಲ್ಲ, ಒತ್ತಡಕ್ಕೆ ಸಿಕ್ಕ ನೀರು ಏನಾದರೂ ಒಡೆದರೆ ಚಿಮ್ಮಿ ನಿಲ್ಲುತ್ತದೆ, ಒತ್ತಡಕ್ಕೆ ಸಿಕ್ಕ ಗಾಳಿ ಸಿಡಿಯುತ್ತದೆ. ಆಮೇಲೆ ಒತ್ತಡ. ಎಪಿಐ 598 ಎಂಬ ಮಾನಕದ ಪ್ರಕಾರ ವಾಲ್ವಿನ ದೇಹವನ್ನು ಅದರ ನಿಗದಿತ ಒತ್ತಡದ ಒಂದೂವರೆ ಪಟ್ಟಿನಲ್ಲಿ ಪರೀಕ್ಷಿಸಬೇಕು. ಕ್ಲಾಸ್ 150 ಎಂಬ ಒತ್ತಡದ ದರ್ಜೆಯ ಸಾಮಾನ್ಯ ಕಾರ್ಬನ್ ಸ್ಟೀಲ್ ವಾಲ್ವಿಗೆ ಅದು 450 ಪಿಎಸ್‌ಐ (ಚದರ ಇಂಚಿಗೆ ಪೌಂಡ್) ಆಗುತ್ತದೆ. ಎಷ್ಟು ಹೊತ್ತು ಹಿಡಿಯಬೇಕೆಂಬುದು ಗಾತ್ರದ ಮೇಲೆ ನಿಂತಿದೆ: ಎರಡೂವರೆಯಿಂದ ಆರು ಇಂಚಿನ ವಾಲ್ವಿಗೆ ಕನಿಷ್ಠ 60 ಸೆಕೆಂಡ್, ಹದಿನಾಲ್ಕು ಇಂಚು ಮತ್ತು ಅದಕ್ಕೂ ದೊಡ್ಡದಕ್ಕೆ ಕನಿಷ್ಠ 300 ಸೆಕೆಂಡ್. ಆ ಹೊತ್ತಿನಲ್ಲಿ ಪರೀಕ್ಷಕ ಮೈ ಒರೆಸಿ ಒಣಗಿಸಿದ ಎರಕದ ಸುತ್ತ ಟಾರ್ಚ್ ಹಿಡಿದು ನೋಡಬೇಕು. ಸೋರಿಕೆ ಎಂದರೆ ಧಾರೆಯೇ ಆಗಬೇಕಿಲ್ಲ. ಎರಕದೊಳಗೆ ಕೂದಲೆಳೆಯಷ್ಟು ಸಂದಿದ್ದರೆ ಮೈ ನಿಧಾನವಾಗಿ ಬೆವರುತ್ತದೆ. ನಮ್ಮ ಬೆಂಚಿನಲ್ಲಿ ಅದಕ್ಕೆ ಬೆವರು ಎಂದೇ ಹೆಸರು.

ಅಷ್ಟು ಹೊತ್ತು ನಿಲ್ಲುವುದು ನಿಜಕ್ಕೂ ಬೇಕೇ? ಅನುಭವ ಬಂದ ಮೇಲೆ ಕೆಲವು ಹಂತ ಬಿಡಬಹುದಲ್ಲವೇ?

ನಾನೂ ಹಾಗೆಯೇ ಅಂದುಕೊಂಡಿದ್ದೆ. ಕೆಲಸಕ್ಕೆ ಸೇರಿ ನಾಲ್ಕು ವರ್ಷವಾಗಿದ್ದಾಗ, ತಿಂಗಳ ಕೊನೆಯ ಗಡಿಬಿಡಿಯಲ್ಲಿ, ಹದಿನಾಲ್ಕು ಇಂಚಿನ ಗೇಟ್ ವಾಲ್ವ್‌ಗಳ ಒಂದು ಲಾಟ್ (ಒಟ್ಟಿಗೆ ಸಾಗುವ ಗುಂಪು) ನನ್ನ ಬೆಂಚಿಗೆ ಬಂತು. ಸೋರುವ ವಾಲ್ವ್ ಮೊದಲ ಒಂದು ನಿಮಿಷದಲ್ಲಿಯೇ ಸೋರುತ್ತದೆ ಎಂಬ ಭಂಡ ಧೈರ್ಯದಿಂದ ಎರಡು ಮೂರು ವಾಲ್ವ್‌ಗಳನ್ನು ಒಂದೂವರೆ ನಿಮಿಷಕ್ಕೇ ಇಳಿಸಿ, ಹಾಳೆಯಲ್ಲಿ ಮಾತ್ರ 300 ಸೆಕೆಂಡ್ ಎಂದು ಬರೆದೆ. ಮರುದಿನ ಗ್ರಾಹಕರ ಪರವಾಗಿ ಬಂದ ತಪಾಸಣಾಧಿಕಾರಿ ಲಾಟ್‌ನಿಂದ ತಮಗೆ ಬೇಕೆನಿಸಿದ ಒಂದನ್ನು ಮತ್ತೆ ಬೆಂಚಿಗೆ ಹತ್ತಿಸಲು ಹೇಳಿದರು. ಮೂರು ನಿಮಿಷದವರೆಗೆ ಏನೂ ಇಲ್ಲ. ನಾಲ್ಕನೆಯ ನಿಮಿಷದಲ್ಲಿ ಬಾನೆಟ್ ಎಂಬ ಮೇಲಿನ ಮುಚ್ಚಳವನ್ನು ದೇಹಕ್ಕೆ ಬಿಗಿಯುವ ಫ್ಲಾಂಜಿನ ಕೆಳಗೆ ಸಾಸಿವೆ ಕಾಳಿನಷ್ಟು ನೀರಿನ ಮಣಿ ಮೂಡಿತು. ಒರೆಸಿದರು, ಮತ್ತೆ ಮೂಡಿತು. ಅವರು ಏನೂ ಮಾತನಾಡದೆ ನನ್ನ ಹಿಂದಿನ ದಿನದ ಹಾಳೆಯನ್ನು ತರಿಸಿಕೊಂಡು ಎರಡನ್ನೂ ಪಕ್ಕ ಪಕ್ಕ ಇಟ್ಟರು.

ಇಡೀ ಲಾಟ್ ಮರುಪರೀಕ್ಷೆಗೆ ಬಂತು, ಎರಡು ದಿನ ಹೋಯಿತು, ರವಾನೆ ತಪ್ಪಿತು. ಹೊಣೆ ನನ್ನದೇ, ಬೇರೆ ಯಾರದೂ ಅಲ್ಲ. ಮುನ್ನೂರು ಸೆಕೆಂಡ್ ಎಂಬುದನ್ನು ಯಾರೋ ಕುರ್ಚಿಯಲ್ಲಿ ಕೂತು ಬರೆದದ್ದಲ್ಲ, ದಪ್ಪ ಎರಕದ ಗೋಡೆಯನ್ನು ದಾಟಲು ನೀರಿಗೆ ಬೇಕಾಗುವ ಹೊತ್ತು ಅದರಲ್ಲಿ ಅಡಗಿದೆ ಎಂದು ನನಗೆ ಅವತ್ತು ಅರ್ಥವಾಯಿತು. ಆದ್ದರಿಂದ ಈ ಪ್ರಶ್ನೆಗೆ ನನ್ನ ಉತ್ತರ ಇಷ್ಟು: ಒಂದು ಹಂತ ಯಾಕಿದೆ ಎಂದು ನಿಮಗೆ ತಿಳಿಯದಿದ್ದರೆ ಅದನ್ನು ಬಿಡುವ ಯೋಗ್ಯತೆ ನಿಮಗಿಲ್ಲ, ತಿಳಿದಿದ್ದರೆ ಬಿಡಬೇಕೆಂದು ನಿಮಗೇ ಅನ್ನಿಸುವುದಿಲ್ಲ.

ಮೇಲಿನವರೇ ವಿಧಾನ ಬಿಡಲು ಹೇಳಿದರೆ ಏನು ಮಾಡಬೇಕು?

ಜಗಳ ಆಡಬೇಡಿ, ಹೂಂ ಅನ್ನಲೂಬೇಡಿ. ಬಹುತೇಕ ಎಲ್ಲ ವ್ಯವಸ್ಥಿತ ಕಾರ್ಖಾನೆಗಳಲ್ಲಿ ವಿಧಾನದಿಂದ ಸರಿಯಲು ಒಂದು ವಿಧಾನವಿರುತ್ತದೆ. ಅದನ್ನು ಡೀವಿಯೇಶನ್ ಎನ್ನುತ್ತಾರೆ. ಯಾವ ಲಾಟ್‌ಗೆ, ಯಾವ ಕಾರಣಕ್ಕೆ, ಎಷ್ಟು ದಿನದ ಮಟ್ಟಿಗೆ ಎಂದು ಬರೆದು ಅಧಿಕಾರವಿದ್ದವರು ಸಹಿ ಹಾಕಿದರೆ ಹೊಣೆ ಅವರದು. ನಮ್ಮ ವಿಭಾಗದ ಹಿರಿಯರೊಬ್ಬರು ಇಂಥ ಸಂದರ್ಭಗಳಲ್ಲಿ ದನಿ ಏರಿಸದೆ, "ಸರ್, ಡೀವಿಯೇಶನ್ ಬರದು ಕೊಡ್ರಿ, ಈಗ ಮಾಡ್ತೀನಿ" ಎನ್ನುತ್ತಿದ್ದರು. ಹತ್ತರಲ್ಲಿ ಎಂಟು ಸಲ ಆ ಕಾಗದ ಬರುತ್ತಿರಲಿಲ್ಲ, ಕೆಲಸ ಮೊದಲಿನಂತೆಯೇ ಸಾಗುತ್ತಿತ್ತು.

ಸುರಕ್ಷತೆಯ ಹಂತಗಳಿಗೆ ಮಾತ್ರ ಈ ದಾರಿಯೂ ಇಲ್ಲ. ಯಂತ್ರದ ಒಳಗೆ ಕೈ ಹಾಕುವ ಮೊದಲು ವಿದ್ಯುತ್ ಕಡಿದು, ಬೀಗ ಹಾಕಿ, ನಿಮ್ಮ ಹೆಸರಿನ ಟ್ಯಾಗ್ ಕಟ್ಟಬೇಕು. ಕೀಲಿ ನಿಮ್ಮ ಕಿಸೆಯಲ್ಲಿಯೇ ಇರಬೇಕು. ಇದನ್ನು ಬಿಡಲು ಯಾರ ಸಹಿಯೂ ಸಾಲದು.

ಬರೆದಿಟ್ಟ ವಿಧಾನವೇ ತಪ್ಪಾಗಿದ್ದರೆ?

ಆಗಾಗ ಇರುತ್ತದೆ. ಡ್ರಾಯಿಂಗ್ ಪರಿಷ್ಕರಣೆಯಾಗಿರುತ್ತದೆ, ಗೋಡೆಯ ಮೇಲೆ ಹಳೆಯ ಹಾಳೆಯೇ ತೂಗುತ್ತಿರುತ್ತದೆ. ಅಥವಾ ಕನ್ನಡಕ್ಕೆ ಇಳಿಸುವಾಗ ಎಡಕ್ಕೆ ಎಂಬುದು ಬಲಕ್ಕೆ ಎಂದಾಗಿರುತ್ತದೆ. ವಿಧಾನ ಪಾಲಿಸುವ ಸ್ವಭಾವದವರು ಇಲ್ಲಿ ಎರಡು ಬಗೆಯಾಗಿ ಎಡವುತ್ತಾರೆ. ಕೆಲವರು ತಪ್ಪೆಂದು ಕಂಡರೂ ಬರೆದದ್ದನ್ನೇ ಮಾಡಿ ಕೈತೊಳೆದುಕೊಳ್ಳುತ್ತಾರೆ. ಇನ್ನು ಕೆಲವರು ತಾವೇ ಮನಸ್ಸಿನಲ್ಲಿ ತಿದ್ದಿಕೊಂಡು ಸುಮ್ಮನೆ ಸರಿಯಾದದ್ದನ್ನು ಮಾಡುತ್ತಾರೆ. ಎರಡನೆಯದು ಒಳ್ಳೆಯದೆಂದು ತೋರುತ್ತದೆ, ಆದರೆ ಮುಂದಿನ ಪಾಳಿಯಲ್ಲಿ ಬಂದ ಹೊಸಬ ಹಾಳೆಯಲ್ಲಿದ್ದ ತಪ್ಪನ್ನೇ ಓದಿ ಮಾಡುತ್ತಾನೆ. ನಿಲ್ಲಿಸಿ, ಇನ್‌ಚಾರ್ಜ್‌ಗೆ ತಿಳಿಸಿ, ಹಾಳೆ ಬದಲಾಗುವ ತನಕ ಬೆನ್ನು ಬಿಡದಿರುವುದೊಂದೇ ಸರಿಯಾದ ದಾರಿ. ನನ್ನ ಅಭಿಪ್ರಾಯದಲ್ಲಿ ಈ ಉದ್ಯೋಗಗಳಲ್ಲಿ ಬುದ್ಧಿ ಹೆಚ್ಚು ಖರ್ಚಾಗುವುದು ಇಲ್ಲಿಯೇ. ಬರೆದದ್ದಕ್ಕೂ ಕಣ್ಣಿಗೆ ಕಂಡದ್ದಕ್ಕೂ ಹೊಂದಿಕೆಯಾಗದಿದ್ದಾಗ ಅದನ್ನು ಗುರುತಿಸಬಲ್ಲವರು ವಿಧಾನವನ್ನು ನಿಷ್ಠೆಯಿಂದ ಪಾಲಿಸುವವರೇ, ಮನಸ್ಸಿಗೆ ಬಂದಂತೆ ಮಾಡುವವರಿಗೆ ಆ ವ್ಯತ್ಯಾಸ ಕಾಣುವುದೇ ಇಲ್ಲ.

ಯಾವ ಓದು ಬೇಕು?

ಹತ್ತನೆಯ ತರಗತಿಯ ನಂತರ ಐಟಿಐ ಸಾಮಾನ್ಯ ದಾರಿ. ಫಿಟ್ಟರ್, ಟರ್ನರ್, ಮೆಷಿನಿಸ್ಟ್, ಎಲೆಕ್ಟ್ರಿಷಿಯನ್ ಟ್ರೇಡ್‌ಗಳು ಎರಡು ವರ್ಷದವು, ವೆಲ್ಡರ್ ಒಂದು ವರ್ಷದ್ದು. ನಾರು, ರಾಸಾಯನಿಕ, ಮಸಾಲೆ ಘಟಕಗಳ ಕಡೆ ಮನಸ್ಸಿದ್ದರೆ ರಾಸಾಯನಿಕ ಸ್ಥಾವರದ ಅಟೆಂಡೆಂಟ್ ಆಪರೇಟರ್ ಟ್ರೇಡ್ ಇದೆ, ಅದೂ ಎರಡು ವರ್ಷ. ಅಳತೆಯ ಕೆಲಸದಲ್ಲಿಯೇ ಮುಂದುವರಿಯಬೇಕೆನ್ನುವವರು ಹುಬ್ಬಳ್ಳಿಯ ಜಿಟಿಟಿಸಿ ಅಥವಾ ಧಾರವಾಡದ ಎನ್‌ಟಿಟಿಎಫ್ ಎಂಬ ತಾಂತ್ರಿಕ ತರಬೇತಿ ಸಂಸ್ಥೆಗಳ ಡಿಪ್ಲೊಮಾಗಳನ್ನು ವಿಚಾರಿಸಬಹುದು. ಡೇರಿ ಮತ್ತು ಬೀಜದ ಪ್ರಯೋಗಾಲಯಗಳಿಗೆ ವಿಜ್ಞಾನದ ಪದವೀಧರರನ್ನೂ ತೆಗೆದುಕೊಳ್ಳುತ್ತಾರೆ.

ಐಟಿಐ ಆದ ಕೂಡಲೇ ಸಿಕ್ಕ ಸಂಬಳಕ್ಕೆ ಹಾರುವುದಕ್ಕಿಂತ, 1961ರ ಅಪ್ರೆಂಟಿಸ್ ಕಾಯ್ದೆಯಡಿ ಒಂದು ವರ್ಷ ದೊಡ್ಡ ಘಟಕದಲ್ಲಿ ಅಪ್ರೆಂಟಿಸ್ ಆಗಿ ಕಳೆಯುವುದು ಮೇಲೆಂದು ನಾನು ಹೇಳುತ್ತೇನೆ. ಸ್ಟೈಪೆಂಡ್ ಕಡಿಮೆಯೇ. ಆದರೆ ಒಂದು ಕಾರ್ಖಾನೆ ದಾಖಲೆಯನ್ನು ಹೇಗೆ ಇಡುತ್ತದೆ, ಆಡಿಟ್ ಬಂದಾಗ ಜನ ಏನನ್ನು ಹುಡುಕಾಡುತ್ತಾರೆ, ಇವೆಲ್ಲ ಸಣ್ಣ ಶೆಡ್‌ನಲ್ಲಿ ಐದು ವರ್ಷ ಕಳೆದರೂ ಕಾಣಸಿಗುವುದಿಲ್ಲ.

ಇಂಗ್ಲಿಷ್ ಬಾರದಿದ್ದರೆ ತೊಂದರೆಯೇ?

ಮಾತನಾಡಲು ಬಾರದಿದ್ದರೆ ತೊಂದರೆಯಿಲ್ಲ, ಓದಿ ಗುರುತಿಸಲು ಬಾರದಿದ್ದರೆ ತೊಂದರೆ. ಡ್ರಾಯಿಂಗ್, ಚೆಕ್ ಶೀಟ್, ಯಂತ್ರದ ಪರದೆ ಇವುಗಳಲ್ಲಿ ಬರುವ ಪದಗಳು ಒಟ್ಟು ನೂರು ನೂರೈವತ್ತು ಇರಬಹುದು. ಅವನ್ನು ಬರೆದಿಟ್ಟುಕೊಂಡು ತಿಂಗಳೊಳಗೆ ಕಲಿತವರನ್ನು ನೋಡಿದ್ದೇನೆ. ಅಂಕಿಯ ಬರವಣಿಗೆ ಸ್ಪಷ್ಟವಾಗಿರಲಿ. ನಿಮ್ಮ 1 ಮತ್ತು 7 ಒಂದೇ ತರಹ ಕಾಣುತ್ತಿದ್ದರೆ ಇಂದೇ ತಿದ್ದಿಕೊಳ್ಳಿ. ತಪ್ಪಾದ ಅಂಕಿಯ ಮೇಲೆ ಗೀಚಿ ತಿದ್ದುವಂತಿಲ್ಲ, ಒಂದೇ ಗೆರೆ ಎಳೆದು, ಪಕ್ಕದಲ್ಲಿ ಸರಿಯಾದದ್ದನ್ನು ಬರೆದು, ಸಹಿ ಮತ್ತು ದಿನಾಂಕ ಹಾಕಬೇಕು.

ದಿನವೂ ಅದೇ ಕೆಲಸ ಬೇಸರ ತರುವುದಿಲ್ಲವೇ?

ತರುತ್ತದೆ. ಬೇಸರಕ್ಕಿಂತ ಅಪಾಯಕಾರಿಯಾದದ್ದು ರೂಢಿ. ಕೈ ತಾನಾಗಿ ಕೆಲಸ ಮಾಡತೊಡಗಿದಾಗ ಕಣ್ಣು ನೋಡುವುದನ್ನು ನಿಲ್ಲಿಸುತ್ತದೆ, ಹೀಗಾಗಿಯೇ ಬಹಳಷ್ಟು ತಪ್ಪುಗಳು ಹೊಸಬರಿಂದ ಮಾತ್ರವಲ್ಲ, ಹಳಬರಿಂದಲೂ ಆಗುತ್ತವೆ. ಒಳ್ಳೆಯ ಕಾರ್ಖಾನೆಗಳು ಎರಡು ಗಂಟೆಗೊಮ್ಮೆ ಸ್ಟೇಷನ್ ಬದಲಿಸುತ್ತವೆ, ಹಂತಗಳನ್ನು ಬೆರಳು ತೋರಿಸಿ ಬಾಯಿಬಿಟ್ಟು ಹೇಳಿಸುತ್ತವೆ. ಜಪಾನಿನ ರೈಲ್ವೆಯಿಂದ ಬಂದ ಈ ಪದ್ಧತಿಯನ್ನು ನೋಡಿ ಮೊದಲು ನಗು ಬರುತ್ತದೆ, ಮಾಡಿ ನೋಡಿದರೆ ಅದರ ಬೆಲೆ ತಿಳಿಯುತ್ತದೆ.

ಇಂಥ ಸ್ವಭಾವದವರು ಯಾವ ಕೆಲಸಗಳಿಂದ ದೂರವಿರುವುದು ಒಳ್ಳೆಯದು?

ಯಂತ್ರ ಕೆಟ್ಟಾಗ ಓಡಿಹೋಗಿ ಸರಿಪಡಿಸುವ ಬ್ರೇಕ್‌ಡೌನ್ ನಿರ್ವಹಣೆ ಮೊದಲನೆಯದು. ಅಲ್ಲಿ ಪ್ರತಿ ಸಲವೂ ಹೊಸ ಒಗಟು, ಮೇಲಿನಿಂದ ಒತ್ತಡ, ಕೈಯಲ್ಲಿ ಅರ್ಧ ಮಾಹಿತಿ. ಅದೇ ವಿಭಾಗದ ಮುಂಜಾಗ್ರತಾ ನಿರ್ವಹಣೆ ಮಾತ್ರ ವೇಳಾಪಟ್ಟಿಯಂತೆ ನಡೆಯುವುದರಿಂದ ಚೆನ್ನಾಗಿ ಹೊಂದುತ್ತದೆ. ಹೊಸ ಉತ್ಪನ್ನದ ಪ್ರಯೋಗ, ಮಾರಾಟ, ಸಾಗಣೆಯ ಡಿಸ್ಪ್ಯಾಚ್ ಇವುಗಳಲ್ಲಿಯೂ ದಿನದ ಯೋಜನೆ ಹನ್ನೊಂದು ಗಂಟೆಗೇ ಮಗುಚಿ ಬೀಳುತ್ತದೆ.

ಯಂತ್ರಮಾನವರು ಬಂದರೆ ಈ ಕೆಲಸಗಳೇ ಮೊದಲು ಹೋಗುವುದಿಲ್ಲವೇ?

ಕೆಲವು ಹೋಗುತ್ತವೆ, ಹೋಗಿವೆ. ವಾಹನ ಘಟಕಗಳಲ್ಲಿ ಸ್ಪಾಟ್ ವೆಲ್ಡಿಂಗ್ ಮತ್ತು ಪೇಂಟಿಂಗ್ ಕೆಲಸಗಳನ್ನು ರೋಬೋಟ್‌ಗಳು ಮಾಡುವುದು ಹೊಸದೇನಲ್ಲ. ಎತ್ತಿ ಇಡುವ, ಒತ್ತಿ ಬಿಡುವ ಕೆಲಸ ಮಾತ್ರ ಬಲ್ಲವರಿಗೆ ಕಷ್ಟವಿದೆ. ಅಳೆಯಲು, ದಾಖಲಿಸಲು, ಅಂಕಿ ಯಾವ ಕಡೆ ವಾಲುತ್ತಿದೆ ಎಂದು ಓದಲು ಬಲ್ಲವರು ಅದೇ ರೋಬೋಟಿನ ಪಕ್ಕದಲ್ಲಿ ನಿಲ್ಲುತ್ತಾರೆ, ಏಕೆಂದರೆ ಅದರ ಕೆಲಸವನ್ನೂ ಯಾರಾದರೂ ಮೊದಲ ಪೀಸ್‌ನಲ್ಲಿ ಪರೀಕ್ಷಿಸಲೇಬೇಕು.

ಪಾಳಿ, ಸಂಬಳ, ಸೌಲಭ್ಯಗಳ ವಿಷಯದಲ್ಲಿ ಏನನ್ನು ಕೇಳಿ ತಿಳಿದುಕೊಳ್ಳಬೇಕು?

ದೊಡ್ಡ ಘಟಕಗಳಲ್ಲಿ ಸಾಮಾನ್ಯವಾಗಿ ಮೂರು ಪಾಳಿ. ವಾರಕ್ಕೆ 48 ಗಂಟೆ ಕಾನೂನಿನ ಮಿತಿ, ಅದನ್ನು ಮೀರಿದ ದುಡಿಮೆಗೆ ದುಪ್ಪಟ್ಟು ದರ. ಇಎಸ್‌ಐಗೆ (ನೌಕರರ ರಾಜ್ಯ ವಿಮೆಗೆ) ನೌಕರನ ಸಂಬಳದಿಂದ ಶೇ. 0.75, ಮಾಲೀಕರಿಂದ ಶೇ. 3.25 ಹೋಗುತ್ತದೆ, ಭವಿಷ್ಯನಿಧಿಗೆ ಮೂಲವೇತನ ಮತ್ತು ತುಟ್ಟಿಭತ್ಯೆಯ ಮೇಲೆ ಶೇ. 12. ಇವು ಸಂಬಳದ ಚೀಟಿಯಲ್ಲಿ ಕಾಣಬೇಕು. ನಿಮ್ಮ ನೇಮಕ ಕಂಪನಿಯಿಂದಲೋ ಗುತ್ತಿಗೆದಾರನಿಂದಲೋ ಎಂಬುದನ್ನು ಮೊದಲ ದಿನವೇ ಬರವಣಿಗೆಯಲ್ಲಿ ಕೇಳಿ. ಅಳತೆಯಲ್ಲಿ 0.02 ಮಿ.ಮೀ. ಬಿಡದ ಹುಡುಗರು ತಮ್ಮ ಸಂಬಳದ ಚೀಟಿಯನ್ನು ಮಾತ್ರ ಓದದೆ ಕಿಸೆಗೆ ಹಾಕುತ್ತಾರೆ. ಮಹಿಳೆಯರಿಗೆ ರಾತ್ರಿ ಪಾಳಿ ಅವರ ಒಪ್ಪಿಗೆಯ ಮೇಲೆ, ವಾಹನ ಮತ್ತು ಭದ್ರತೆಯ ವ್ಯವಸ್ಥೆಯೊಂದಿಗೆ ಮಾತ್ರ.

ಸಂದರ್ಶನಕ್ಕೆ ಹೋದಾಗ, ಆ ಕಾರ್ಖಾನೆ ತನ್ನ ವಿಧಾನಗಳನ್ನು ತಾನೇ ಪಾಲಿಸುತ್ತದೆಯೇ ಎಂದು ತಿಳಿಯುವುದು ಹೇಗೆ?

ಸ್ವಾಗತ ಕೊಠಡಿಯ ಗೋಡೆಯಲ್ಲಿ ತೂಗುವ, ಗುಣಮಟ್ಟ ವ್ಯವಸ್ಥೆಗೆ ಕೊಡುವ ಐಎಸ್‌ಒ 9001 ಪ್ರಮಾಣಪತ್ರ ನೋಡಿ ನಿರ್ಧರಿಸಬೇಡಿ. ಶಾಪ್ ಫ್ಲೋರ್ ತೋರಿಸಿ ಎಂದು ವಿನಯದಿಂದ ಕೇಳಿ, ಬಹಳ ಜನ ತೋರಿಸುತ್ತಾರೆ. ನಡೆಯುವಾಗ ಒಂದು ಗೇಜಿನ ಮೇಲಿನ ಕ್ಯಾಲಿಬ್ರೇಶನ್ ಚೀಟಿಯ ದಿನಾಂಕ ಓದಿ. ತಿರಸ್ಕೃತ ಪೀಸ್‌ಗಳ ಕೆಂಪು ಡಬ್ಬಿಗೆ ಬೀಗವಿದೆಯೇ ಅಥವಾ ಯಾರು ಬೇಕಾದರೂ ಕೈ ಹಾಕಿ ತೆಗೆಯುವಂತಿದೆಯೇ ನೋಡಿ. ಗಾರ್ಡ್ ತೆಗೆದಿಟ್ಟ ಯಂತ್ರ ಓಡುತ್ತಿದ್ದರೆ ಅಲ್ಲಿ ಎರಡನೆಯ ಯೋಚನೆ ಬೇಡ. ಕೊನೆಗೆ, ಯಾವುದಾದರೂ ಬೆಂಚಿನ ಮೇಲಿರುವ ಆ ದಿನದ ಚೆಕ್ ಶೀಟಿನ ಮೇಲೆ ಒಂದು ಕಣ್ಣು ಹಾಯಿಸಿ. ಗಡಿಯಾರದಲ್ಲಿ ಬೆಳಗಿನ ಹನ್ನೊಂದಾಗಿದ್ದು, ಹಾಳೆಯಲ್ಲಿ ಮಧ್ಯಾಹ್ನ ಎರಡು ಗಂಟೆಯ ಅಂಕಿಗಳೂ ಒಂದೇ ಪೆನ್ನಿನಲ್ಲಿ, ಒಂದೇ ಓಟದಲ್ಲಿ ತುಂಬಿ ಮುಗಿದಿದ್ದರೆ, ಚಹಾ ಕುಡಿದು, ಧನ್ಯವಾದ ಹೇಳಿ, ಗೇಟಿನಲ್ಲಿ ಕೊಟ್ಟ ವಿಸಿಟರ್ ಪಾಸ್ ಮರಳಿಸಿ ಮುಂದಿನ ಬಸ್ ಹಿಡಿಯಿರಿ.